ಕುದುರೆ ಕೂದಲು, ಸೆರಗಿನ ಜೋಳ

ಮೊನ್ನೆ ಮೊಮ್ಮಗನ ತಲೆಕೂದಲು ಕಡಿಸಲು ಸಲೂನಿಗೆ ಹೋಗಿದ್ದೆ. ಹುಡುಗ ಎತ್ತರದ ಕುರ್ಚಿ ಹತ್ತಿ ಕೂತ. ಸಲೂನಿನವನು ಕರೆಂಟಿನ ಮಶೀನಿನ ಹಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಗುಂಡಿ ಒತ್ತಿ, ಗಾಳಿಯಲ್ಲೇ ಒಂದು ಗಳಿಗೆ ಗುರ್ರೆನಿಸಿ ನೋಡಿದ. ಬಿಸಿ ಕಬ್ಬಿಣ, ಎಣ್ಣೆ, ಕೂದಲು ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಬೆಂಚಿನ ಮೇಲೆ ಕೂತಿದ್ದ ನನ್ನ ಬಲಗೈ ತನ್ನಷ್ಟಕ್ಕೆ ಮುಷ್ಟಿ ಕಟ್ಟಿತು. ಎಡಗೈ ಸೆರಗಿನ ತುದಿ ಹುಡುಕತೊಡಗಿತು.

"ಅಜ್ಜೀ, ಹಾಥ್ ಕೋ ಕ್ಯಾ... ಕೈಗೆ ಏನಾಯ್ತು?" ಎಂದ ಮೊಮ್ಮಗ, ಕನ್ನಡಿಯೊಳಗಿಂದಲೇ ನೋಡಿ.

"ಏನಿಲ್ಲಪ್ಪಾ, ನೀ ಅಲಗಾಡಬ್ಯಾಡ" ಎಂದೆ. ಐವತ್ತು ವರ್ಷದ ಹಿಂದಿನ ಹೆದರಿಕೆ ಅದು. ಇಷ್ಟು ದಿನವಾದರೂ ಮಗಳ ಮನೆಯ ವಿಳಾಸ ಹುಡುಕಿಕೊಂಡು ಬರುತ್ತದೆ.

ಆಗ ನನಗೆ ಮದುವೆಯಾಗಿ ನಾಲ್ಕು ತಿಂಗಳು. ಐವತ್ತರ ದಶಕದ ನಡುವಿನ ಒಂದು ಕಾರ್ತಿಕ ಮಾಸ. ಧಾರವಾಡದ ಹತ್ತಿರದ ಹಳ್ಳಿಯಿಂದ ಹೊರಟ ನಾನು ಬಂದು ಇಳಿದದ್ದು ಸಾಂತಾಕ್ರೂಜಿನ ಒಂದು ತಬೇಲಾಕ್ಕೆ, ಅಂದರೆ ಕುದುರೆ ಲಾಯಕ್ಕೆ. ಮದುವೆ ಮಾತುಕತೆಯಲ್ಲಿ "ಹುಡುಗ ಮುಂಬೈಯೊಳಗ ನೌಕರಿ ಮಾಡ್ತಾನ" ಎಂದಷ್ಟೇ ಹೇಳಿದ್ದರು. ಯಾರ ಕೈಕೆಳಗೆ ಎಂದು ನಮ್ಮಪ್ಪ ಕೇಳಲಿಲ್ಲ. ಕೇಳಿದ್ದರೆ, ಒಂದು ಡಜನ್ ತಟ್ಟುಕುದುರೆಗಳ ಕೈಕೆಳಗೆ ಎಂದು ಹೇಳಬೇಕಾಗುತ್ತಿತ್ತು. ನಮ್ಮವರು ಪಲ್ಟನ್ನಿನಲ್ಲಿ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಿದ್ದವರು. ಅಲ್ಲಿಂದ ಬಿಟ್ಟು ಬಂದ ಮೇಲೆ ಮೇರಿಬಾಯಿಯ ತಬೇಲಾ ಸೇರಿದ್ದರು. ಮೇರಿಬಾಯಿ ಅಲ್ಲಿಯೇ ಹುಟ್ಟಿ ಬೆಳೆದ ಕ್ರಿಶ್ಚಿಯನ್ ವಿಧವೆ. ಗಂಡ ಬಿಟ್ಟುಹೋದ ತಟ್ಟುಗಳನ್ನು ಮಕ್ಕಳ ಹಾಗೆ ಬೈಯುತ್ತ ಸಾಕಿದ್ದಳು. ಕೆಲವು ಜುಹೂ ಮರಳಿನ ಮೇಲೆ ಮಕ್ಕಳನ್ನು ಹೊರುತ್ತಿದ್ದವು, ಕೆಲವು ಸ್ಟೇಶನ್ನಿನಿಂದ ಸಾಮಾನಿನ ಸಣ್ಣ ಗಾಡಿ ಎಳೆಯುತ್ತಿದ್ದವು.

ನಾನು ಹಿಂದೆ ಬಂದರೆ ಒದೆಯದ, ಮುಂದೆ ಬಂದರೆ ಹಾಯದ ಹುಡುಗಿ. ಆದರೆ ನನ್ನ ಮನೆಯ ಸುತ್ತ ಇದ್ದವರೆಲ್ಲ ಹಿಂದೆ ಹೋದರೆ ಒದೆಯುವವರು, ಮುಂದೆ ಹೋದರೆ ಕಚ್ಚುವವರು. ನಮ್ಮ ಖೋಲಿ ತಬೇಲಾದ ಸಾಲಿನಲ್ಲೇ ಕೊನೆಯದು. ನನ್ನ ಒಲೆಗೂ ಪಕ್ಕದ ತಟ್ಟುವಿಗೂ ನಡುವೆ ಒಂದು ಹಲಗೆಯ ಗೋಡೆ. ನೊಣ ಕಚ್ಚಿ ಅದು ಕಾಲು ಝಾಡಿಸಿದರೆ ನನ್ನ ಹಿತ್ತಾಳೆ ಪಾತ್ರೆಗಳು ಝಣ್ ಎನ್ನುತ್ತಿದ್ದವು, ನನ್ನ ಎದೆ ಅವಕ್ಕಿಂತ ಜೋರಾಗಿ. ಮೇಲಿಂದ ವಿಮಾನಗಳು ಬೇರೆ ತಗ್ಗಿನಲ್ಲಿ ಹಾರಿ ಹೋಗುತ್ತಿದ್ದವು. ಒಂದೊಂದು ವಿಮಾನಕ್ಕೂ ಅಷ್ಟೂ ಕುದುರೆಗಳು ಒಟ್ಟಿಗೇ ಕಿವಿ ನಿಮಿರಿಸುತ್ತಿದ್ದವು. ಮನಸ್ಸು ಬಿಚ್ಚಿ ಕನ್ನಡದಲ್ಲಿ ಅಳೋಣವೆಂದರೆ ಗುರುತಿನವರು ಇದ್ದದ್ದು ದೂರದ ಮಾಟುಂಗದಲ್ಲಿ. ದಾದರಿನಲ್ಲಿ ಲೋಕಲ್ ಬದಲಿಸಿ ಹೋಗಬೇಕು. ಬದಲಿಸುವುದಕ್ಕೂ ನನಗೆ ಹೆದರಿಕೆ.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಅಬ್ದುಲ್ ಚಾಚಾನ ಮುಖ. ಪಾಪ, ಅಷ್ಟು ಒಳ್ಳೆಯ ಮುದುಕ ಇನ್ನೊಬ್ಬನಿರಲಿಲ್ಲ. ಮೊದಲು ಆ ತಬೇಲಾದಲ್ಲಿ ತಟ್ಟುಗಳ ಕೂದಲು ಕಡಿಯುತ್ತಿದ್ದವನು ಅವನೇ. ಒಂದು ವರ್ಷ ತಟ್ಟು ಒದ್ದು ದವಡೆ ಪುಡಿಯಾಗಿತ್ತು. ಅಂದಿನಿಂದ ಅವನ ಮಾತು, ನಗೆ, ಊಟ ಎಲ್ಲವೂ ಅರ್ಧ ಬಾಯಿಂದ. ಕುದುರೆಗಳಿಗೆ ದಿನಾ ಬುಟ್ಟಿಗಟ್ಟಲೆ ಕಡಲೆ ನೆನೆಹಾಕುವವನು ಅವನೇ. ತಾನು ಮಾತ್ರ ನಾನು ಕಾಯಿಸಿಕೊಟ್ಟ ಅಂಬಲಿ ಕುಡಿಯುತ್ತಿದ್ದ. ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಮಾತನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ. ಈಗ ಅವನ ಕೆಲಸ ನಮ್ಮವರ ಕೈಗೆ ಬಂದಿತ್ತು. ಅಂಬಲಿ ಬಗ್ಗಿಸುವಾಗೆಲ್ಲ ಚಾಚಾನ ಮುಖದ ಜಾಗದಲ್ಲಿ ನನಗೆ ಇವರ ಮುಖ ಕಾಣುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಉತ್ತರದ ಬೆಟ್ಟಗಳ ಕಡೆಯಿಂದ ಆರು ಹೊಸ ತಟ್ಟುಗಳು ಗೂಡ್ಸ್ ಗಾಡಿಯಲ್ಲಿ ಬಂದವು. ಹಿಮ ಬೀಳುವ ಊರಿನವು. ಚಳಿಗೆಂದು ಮೈತುಂಬ ಕೂದಲು ಬೆಳೆಸಿಕೊಂಡೇ ಹೊರಟಿದ್ದವು. ನಮ್ಮೂರ ಕರಿ ಕಂಬಳಿಯನ್ನು ಹೊದಿಸಿ ಹೊಲಿದ ಹಾಗಿದ್ದವು. ಮುಂಬೈಯಲ್ಲಿ ಕಾರ್ತಿಕ ಎಂದರೆ ಬೆವರು. ಬಂದ ನಾಲ್ಕನೇ ದಿನ ಒಂದು ತಟ್ಟು ಜುಹೂ ಮರಳಿನ ಮೇಲೆ ಮೊಣಕಾಲೂರಿ ಕೂತದ್ದು ಏಳಲೇ ಇಲ್ಲ. ದನದ ಡಾಕ್ಟರು ಬಂದು, ಉಳಿದ ಐದರ ಕೂದಲನ್ನು ವಾರದೊಳಗೆ ಕಡಿಯದಿದ್ದರೆ ಅವೂ ಇದೇ ದಾರಿ ಎಂದು ಹೇಳಿ ಹೋದರು.

ಕೂದಲು ಕಡಿಯುವ ಮಶೀನು ಒಬ್ಬರಿಂದ ಆಗುವಂಥದ್ದಲ್ಲ. ಮೂರು ಕಾಲಿನ ಕಬ್ಬಿಣದ ನಿಲುವು, ಅದರ ಮೇಲೆ ಹಿಡಿಕೆಯಿರುವ ದೊಡ್ಡ ಚಕ್ರ, ಚಕ್ರದಿಂದ ಹೊರಟ ಬಾಗುವ ಕೊಳವೆ, ಕೊಳವೆಯ ತುದಿಗೆ ಸಲೂನಿನದರಂಥದೇ ಹಲ್ಲಿನ ಕತ್ತರಿ. ಒಬ್ಬರು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಕತ್ತರಿ ಹಿಡಿದು ತಟ್ಟುವಿನ ಹೊಟ್ಟೆಯ ಕೆಳಗೆ ಬಗ್ಗಬೇಕು. ಚಕ್ರ ತಿರುಗಿಸುತ್ತಿದ್ದ ಗಂಗಾರಾಮ ಜ್ವರ ಬಂದು ಕೊಂಕಣದ ತನ್ನ ಊರಿಗೆ ಹೋಗಿದ್ದ. ಉಳಿದವರೆಲ್ಲ ತಟ್ಟು ಹೊಡೆದುಕೊಂಡು ಜುಹೂಕ್ಕೆ ಹೋಗುವವರು. ಇವರು ನನ್ನ ಕಡೆ ನೋಡಿದರು.

"ನಿನಗ ಬೀಸೂದು ಬರ್ತದಲ್ಲ?"

"ಜ್ವಾಳ ಬೀಸೂದು ಬರ್ತದರಿ. ಕುದುರಿ ಬೀಸೂದು ಬರೂದಿಲ್ಲ."

"ಅದರಷ್ಟ ಹಗರ ಅದ. ಒಂದ ಮಾತ ನೆನಪಿಡು. ಚಕ್ರ ಒಂದೇ ಸಮ ತಿರಗಬೇಕು. ಕತ್ತರಿ ಮೈಮ್ಯಾಲ ಇರಲಿ, ಗಾಳಿಯೊಳಗಿರಲಿ, ನಾ ಸಾಕು ಅನ್ನೂತನಕ ನಿಲ್ಲಸಬ್ಯಾಡ. ನಿಂತ ಕತ್ತರಿ ಮೈಗೆ ತಾಗಿದರ ಕೂದಲಾ ತೊಗಲಾ ಎರಡೂ ಹಿಡಕೊಂಡು ಜಗ್ಗತದ. ಆಮ್ಯಾಲ ಅದು ಒದೀತದ."

ಚಾಚಾ ತನ್ನ ದವಡೆ ಮುಟ್ಟಿ ತೋರಿಸಿ, "ಹಾಥ್ ಮತ್ ರೋಕ್ನಾ, ಬೇಟಿ", ಕೈ ನಿಲ್ಲಿಸಬೇಡ ಮಗಳೇ, ಎಂದ. ಅವನದು ಆದದ್ದೂ ಹಾಗೆಯೇ ಅಂತೆ. ಚಕ್ರ ತಿರುಗಿಸುವವನು ಬೀಡಿ ಹಚ್ಚಲು ಕೈ ಬಿಟ್ಟಿದ್ದ.

ಅಂದರೆ ನನ್ನ ಗಂಡನ ದವಡೆ, ಪಕ್ಕೆ, ಪ್ರಾಣ ಎಲ್ಲವೂ ನನ್ನ ಬಲಗೈಯಲ್ಲಿ. ಆವತ್ತು ಬಡಿದ ಒಂದು ರೊಟ್ಟಿಯೂ ದುಂಡಗಾಗಲಿಲ್ಲ.

ನನಗೆ ಇನ್ನೊಂದು ಹೆದರಿಕೆಯೂ ಇತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ನನಗೆ ಬೀಸಲು ಕಲಿಸಿದವಳು ನಮ್ಮ ಆಯಿ, ನಮ್ಮಪ್ಪನ ತಾಯಿ. ಕಲ್ಲಿನ ಮುಂದೆ ಕೂರಿಸಿದ ಮೊದಲ ದಿನವೇ ಗೂಟದ ಮೇಲಿನ ನನ್ನ ಕೈಗೆ ಪಟ್ಟನೆ ಹೊಡೆದು ಹೇಳಿದ್ದಳು: "ಬರೇ ಕಲ್ಲ ತಿರಗಸಬಾರದು. ಕಾಳು ತೀರಿದ ಕೂಡಲೇ ಕೈ ನಿಲ್ಲಸಬೇಕು. ಬರೇ ಕಲ್ಲ ಬೀಸಿದರ ಮನಿ ಯಜಮಾನಗ ಕೇಡು." ಎಂಟು ವರ್ಷದವಳಿದ್ದಾಗ ಹೊಕ್ಕ ಮಾತು. ಮಾತಿಗಿಂತ ಆಳವಾಗಿ ಕೈಯೊಳಗೇ ಹೊಕ್ಕಿತ್ತು. ಕಾಳು ತೀರಿ ಕಲ್ಲಿನ ಸದ್ದು ಬದಲಾದರೆ ನನ್ನ ಕೈ ನನ್ನನ್ನು ಕೇಳದೆ ನಿಲ್ಲುತ್ತಿತ್ತು.

ಈ ಚಕ್ರವೂ ಹಾಗೆಯೇ. ಕತ್ತರಿಗೆ ಕೂದಲು ಸಿಕ್ಕಾಗ ಒಂದು ಸದ್ದು, ಗಾಳಿಯಲ್ಲಿ ಬರೀ ತಿರುಗುವಾಗ ಇನ್ನೊಂದು ಸದ್ದು. ಇವರು ನಿಲ್ಲಿಸಬೇಡ ಎನ್ನುತ್ತಾರೆ, ಆಯಿ ನಿಲ್ಲಿಸು ಎನ್ನುತ್ತಾಳೆ. ಇಬ್ಬರೂ ಹೇಳುವುದು ಒಬ್ಬರ ಜೀವದ ಬಗ್ಗೆಯೇ. ಕೊನೆಗೆ ನಾನೇ ಒಂದು ಉಪಾಯ ಹುಡುಕಿದೆ. ಊರಿಂದ ತಂದ ಜೋಳದ ಚೀಲದಿಂದ ಒಂದು ಹಿಡಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕಾಳು ಜೊತೆಗಿದ್ದ ಮೇಲೆ ಚಕ್ರ ಬರೀ ಹೇಗಾಯಿತು? ಆಯಿಯ ಬಾಯಿ ಮುಚ್ಚಿಸಲು ಇಷ್ಟು ಸಾಕೆಂದುಕೊಂಡೆ.

ಮೊದಲ ದಿನ ಚಿಟ್ಟಿಯ ಸರದಿ. ಚಿಟ್ಟಿ ಎಂದರೆ ನನ್ನ ಸೊಂಟಕ್ಕೆ ಬರುವ ಪುಟಾಣಿ ಹೆಣ್ಣು ಕುದುರೆ. ಎರಡು ವರ್ಷದ ಮಕ್ಕಳನ್ನಷ್ಟೇ ಹೊರುವಂಥದ್ದು. ಅಷ್ಟು ಸಣ್ಣದಕ್ಕೂ ಹೆದರಿ ನಾನು ಕಣ್ಣು ಮುಚ್ಚಿಕೊಂಡೇ ಚಕ್ರ ತಿರುಗಿಸಿದೆ. ಕೈಗೆ ಹಿಡಿತ ಸಿಗಲೆಂದು ಬೀಸುವಾಗಿನ ಪದವನ್ನು ಗುನುಗಿದೆ. ಚಾಚಾ ತಲೆ ಹಿಡಿದಿದ್ದ. ಇವರು ಕುತ್ತಿಗೆಯಿಂದ ಹಿಂದಕ್ಕೆ ಸಾಲು ಸಾಲಾಗಿ ಕತ್ತರಿ ಎಳೆಯುತ್ತ ಹೋದರು. ನಡುನಡುವೆ "ಸಾಕು" ಎಂದು ನಿಲ್ಲಿಸಿ, ಕಾದ ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಗೆಯುತ್ತಿದ್ದರು. ಕಣ್ಣು ತೆರೆದಾಗ ನೆಲದ ಮೇಲೆ ಕೂದಲಿನ ಗುಡ್ಡೆ, ಅದರ ನಡುವೆ ಇಲಿಮರಿಯ ಬಣ್ಣದ ಚಿಟ್ಟಿ. ತಾನೇ ನಾಚಿಕೊಂಡ ಹಾಗೆ ನಿಂತಿತ್ತು.

ಆಮೇಲೆ ದಿನಕ್ಕೊಂದರಂತೆ ಮೂರು ಮುಗಿದವು. ಹಾಡು ಕೇಳಿದರೆ ತಟ್ಟುಗಳು ಕಿವಿ ಸಡಿಲ ಬಿಡುತ್ತವೆ ಎಂದು ಚಾಚಾ ಹೊಗಳಿದ. ನನ್ನ ಹೆದರಿಕೆ ಮಾತ್ರ ಒಂದು ಎಳೆಯೂ ಕಡಿಮೆಯಾಗಲಿಲ್ಲ. ಇವರು ಹೊಟ್ಟೆಯ ಕೆಳಗೆ ಬಗ್ಗಿದಾಗಲೆಲ್ಲ ಬಾಯಿಯ ಪಸೆ ಆರುತ್ತಿತ್ತು. ಆದರೂ ಕೈ ನಿಲ್ಲಲಿಲ್ಲ. ಗಂಟು ಮೊಣಕಾಲಿಗೆ ತಾಗುತ್ತಿತ್ತು, ಅದೇ ಧೈರ್ಯ.

ಉಳಿದದ್ದು ಮಾಸ್ತರ್. ಬೂದು ಬಣ್ಣದ ಗಂಡು ತಟ್ಟು. ಯಾರನ್ನು ನೋಡಿದರೂ ತಪ್ಪು ಹುಡುಕುವ ಹಾಗೆ ಕಣ್ಣು ಕಿರಿದು ಮಾಡುತ್ತಿದ್ದುದರಿಂದ ಆ ಹೆಸರು. ಅದರ ಪಕ್ಕೆಗೆ ಬೆರಳು ತಾಗಿದರೂ ಹಿಂಗಾಲು ಮುಂದಕ್ಕೆ ಬರುತ್ತಿತ್ತು. ಅದಕ್ಕೇ ಕೊನೆಗೆ ಉಳಿಸಿದ್ದು.

ಆ ದಿನ ಸೋಮವಾರ. ಕಾರ್ತಿಕ ಸೋಮವಾರ ಎಂದು ತಲೆಗೆ ನೀರೆರೆದುಕೊಂಡು, ನಿತ್ಯದ ಇಳಕಲ್ ಸೀರೆ ಒಗೆದು ಹಾಕಿ, ಬೇರೆ ಸೀರೆ ಉಟ್ಟೆ. ಗಂಗಾಳದಲ್ಲಿ ಬಿಚ್ಚಿಟ್ಟ ಜೋಳ ಗಂಗಾಳದಲ್ಲೇ ಉಳಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ಮರೆವಿಗೆ ಅಷ್ಟು ದೊಡ್ಡ ಬೆಲೆ ಇನ್ನೆಂದೂ ತೆತ್ತಿಲ್ಲ.

ಎಡ ಮಗ್ಗಲು ಸುಸೂತ್ರವಾಗಿ ಮುಗಿಯುತ್ತ ಬಂತು. ಹೊಟ್ಟೆಗೂ ಹಿಂದೊಡೆಗೂ ನಡುವೆ ತೊಗಲು ಮಡಿಕೆಯಾಗುವ ಜಾಗವೊಂದೇ ಬಾಕಿ. ಇವರು ಕತ್ತರಿಯನ್ನು ಮೇಲೆತ್ತಿ, ಎಡಗೈಯಿಂದ ಆ ಮಡಿಕೆಯನ್ನು ಎಳೆದು ಸಪಾಟು ಮಾಡುತ್ತಿದ್ದರು. ಚಕ್ರ ಬರೀ ತಿರುಗುತ್ತಿತ್ತು. ಬರೀ ಕಲ್ಲಿನ ಸದ್ದು. ನಾನು ರೂಢಿಯಂತೆ ಮೊಣಕಾಲಿಗೆ ಗಂಟು ತಾಗುವುದನ್ನು ಕಾದೆ. ತಾಗಲಿಲ್ಲ. ಕೆಳಗೆ ನೋಡಿದೆ. ಸೆರಗಿನ ತುದಿ ಖಾಲಿ.

ಮನೆ ಯಜಮಾನನಿಗೆ ಕೇಡು ಎಂದ ಆಯಿಯ ದನಿ ಕಿವಿಯ ಹತ್ತಿರವೇ ಕೇಳಿಸಿತು. ನನ್ನ ಕೈ ನಿಂತಿತು.

ಕತ್ತರಿ ಮಡಿಕೆಯ ಮೇಲೆ ಕೂತದ್ದೂ, ಚಕ್ರ ನಿಂತದ್ದೂ ಒಂದೇ ಗಳಿಗೆ. ಮಾಸ್ತರ್ ಕಿರುಚಿತು. ಕುದುರೆ ಹಾಗೆ ಕಿರುಚುವುದನ್ನು ನಾನು ಕೇಳಿರಲಿಲ್ಲ. ಹಿಂಗಾಲು ಮುಂದಕ್ಕೆ ಬಂದು ಇವರ ಪಕ್ಕೆಗೆ ಬಡಿಯಿತು, ಒಣ ಕಟ್ಟಿಗೆ ಮುರಿದ ಸದ್ದಾಯಿತು. ಇವರು ಗೋಡೆಗೆ ಒರಗಿ ಜಾರಿ ಕುದುರೆಯ ಕಾಲಿನ ಹತ್ತಿರವೇ ಬಿದ್ದರು. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ. ಕತ್ತರಿಯ ಹಲ್ಲು ಸೀಳಿದ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಕತ್ತರಿ ಮಾತ್ರ ಮಡಿಕೆಯನ್ನು ಕಚ್ಚಿಕೊಂಡೇ ನೇತಾಡುತ್ತಿತ್ತು. ಅದು ಕಚ್ಚಿಕೊಂಡಿರುವಷ್ಟು ಹೊತ್ತೂ ಮಾಸ್ತರ್ ಒದೆಯುತ್ತಲೇ ಇತ್ತು. ಒಂದೊಂದು ಒದೆಯೂ ಇವರ ತಲೆಯ ಹತ್ತಿರ ಗೋಡೆಗೆ ಬೀಳುತ್ತಿತ್ತು.

ನಾನು ಹಿಡಿಕೆ ಬಿಟ್ಟು ಬಾಗಿಲಿಗೆ ಓಡಿದ್ದೆ. ಸುಳ್ಳು ಯಾಕೆ ಹೇಳಲಿ, ಗಂಡನನ್ನು ಅಲ್ಲೇ ಬಿಟ್ಟು ಓಡಿದ್ದೆ.

"ಘುಮಾ! ಚಕ್ಕರ್ ಘುಮಾ, ಬೇಟಿ!" ಚಾಚಾ ಎರಡೂ ಕೈಯಿಂದ ಮಾಸ್ತರನ ತಲೆಗೆ ಜೋತುಬಿದ್ದು ಅರ್ಧ ಬಾಯಿಂದ ಕೂಗಿದ. "ಚಲೇಗಾ ತೋ ಛೂಟೇಗಾ!"

ತಿರುಗಿದರೆ ಬಿಟ್ಟುಕೊಳ್ಳುತ್ತದೆ. ಮಾತು ತಲೆಗೆ ಹೋಗುವ ಮೊದಲೇ ಕಾಲು ವಾಪಸು ಬಂದಿದ್ದವು. ಒದೆಗೆ ನಿಲುವು ಓಲಾಡುತ್ತಿತ್ತು. ಅದನ್ನು ತೊಡೆಯಿಂದ ಒತ್ತಿ ಹಿಡಿದು ಹಿಡಿಕೆ ತಿರುಗಿಸಿದೆ. ಮೊದಲ ಸುತ್ತು ಬಿಗಿ, ಎರಡನೆಯದೂ ಬಿಗಿ. ಮೂರನೆಯದಕ್ಕೆ ಕರಕ್ಕೆಂದು ಕೂದಲು ಕಡಿದು ಕತ್ತರಿ ನೆಲಕ್ಕೆ ಬಿತ್ತು. ಮಾಸ್ತರ್ ಒಮ್ಮೆಲೇ ನಿಂತು ಮೈಯೆಲ್ಲ ನಡುಗತೊಡಗಿತು. ಕತ್ತರಿ ಬಿದ್ದ ಮೇಲೂ ನಾನು ಚಕ್ರ ತಿರುಗಿಸುತ್ತಲೇ ಇದ್ದೆನಂತೆ. ಚಾಚಾ ಬಂದು ಬೆರಳು ಬಿಡಿಸಬೇಕಾಯಿತು.

ಆಸ್ಪತ್ರೆಯಲ್ಲಿ ಎರಡು ಪಕ್ಕೆಲುಬು ಮುರಿದಿವೆ ಎಂದರು. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿದರು. ಅಂಗೈಯ ಗಾಯ ಹೊಲಿದು ಸೂಜಿ ಚುಚ್ಚಿದರು. ಮೇರಿಬಾಯಿ ಓಡಿಬಂದು, ಏನಾಯಿತು ಎಂದು ಹಾಸಿಗೆಯ ಪಕ್ಕ ನಿಂತು ಕೇಳಿದಳು. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ಇವರು ಮೇಲಿನ ಛಾವಣಿ ನೋಡುತ್ತ ಹೇಳಿದರು: "ವಿಮಾನ್ ಆಯಾ, ಬಾಯಿ. ಘೋಡಾ ಡರ್ ಗಯಾ."

ವಿಮಾನಕ್ಕೆ ಕುದುರೆ ಬೆದರಿತಂತೆ. ಆ ಹೊತ್ತಿಗೆ ಯಾವ ವಿಮಾನವೂ ಬಂದಿರಲಿಲ್ಲ. ಅದು ಇವರಿಗೆ ಗೊತ್ತಿತ್ತು, ಚಾಚಾನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ನಾವು ಹೊರಡುವಾಗ ಡಾಕ್ಟರು ಮೇರಿಬಾಯಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವಳು ನನಗೆ ತಿಳಿಸಿದಳು. ತಬೇಲಾದಲ್ಲಿ ಆದ ಗಾಯಕ್ಕೆ ಧನುರ್ವಾಯು ಹತ್ತುವುದುಂಟು. ಸೂಜಿ ಚುಚ್ಚಿದ್ದಾರೆ, ಆದರೂ ಹದಿನೈದು ದಿನ ಕಣ್ಣಿಟ್ಟಿರಬೇಕು. ಮೊದಲು ದವಡೆ ಬಿಗಿಯುತ್ತದೆ, ಬಾಯಿ ತೆರೆಯಲು ಬರುವುದಿಲ್ಲ. ಹಾಗಾದರೆ ಕೂಡಲೇ ಕರೆತರಬೇಕು.

ಮತ್ತೆ ದವಡೆ. ಆ ಹದಿನೈದು ದಿನ ನಾನು ಬದುಕಿದ್ದು ಹೇಗೆಂದು ಹೇಳಲು ಬರುವುದಿಲ್ಲ. ಬೆಳಗಾದ ಕೂಡಲೇ ರೊಟ್ಟಿಯ ಚೂರು ಹಿಡಿದು ಎದುರಿಗೆ ಕೂರುತ್ತಿದ್ದೆ.

"ಬಾಯಿ ತಗೀರಿ."

"ಈಗ ಎದ್ದೇನಿ. ಮಾರಿ ತೊಳಕೋತೀನಿ, ತಡಿ."

"ಮೊದಲ ತಗೀರಿ."

ಅವರು ಬಾಯಿ ತೆರೆಯುವವರೆಗೆ ನನ್ನ ಬಾಯಿ ತಾನೇ ತೆರೆದುಕೊಂಡಿರುತ್ತಿತ್ತು. ಒಂದು ದಿನ ಅವರು ಬೇಕೆಂದೇ ಹಲ್ಲು ಕಚ್ಚಿ ಕೂತು ಚೇಷ್ಟೆ ಮಾಡಿದರು. ನಾನು ಕಿರುಚಿದ ರೀತಿಗೆ ಹಲಗೆಯಾಚೆಯ ತಟ್ಟು ಬೆದರಿ ಗೋಡೆಗೆ ಒದೆಯಿತು. ಆಮೇಲೆ ಅವರು ಚೇಷ್ಟೆ ಮಾಡಲಿಲ್ಲ.

ಯಾಕೆ ಕೈ ನಿಲ್ಲಿಸಿದೆ ಎಂದು ಮಾತ್ರ ಇವರು ಕೇಳಲೇ ಇಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಕೇಳದೆ ಇದ್ದದ್ದೇ ಎದೆಯ ಮೇಲೆ ಕೂತಿತ್ತು. ಹೇಳಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದೆ. ಒಂದು ಹಿಡಿ ಜೋಳದ ಸಲುವಾಗಿ ನಿಮ್ಮ ಪಕ್ಕೆ ಮುರಿದೆ ಎಂದು ಹೇಗೆ ಹೇಳುವುದು? ನನ್ನ ದವಡೆಯೇ ಬಿಗಿದುಕೊಳ್ಳುತ್ತಿತ್ತು.

ಹದಿನಾರನೆಯ ದಿನವೂ ಬಾಯಿ ತೆರೆಯಿತು. ರೊಟ್ಟಿ ಜಗಿದು ನುಂಗಿ, "ಮಾಸ್ತರಂದು ಇನ್ನೊಂದು ಮಗ್ಗಲಾ ಹಂಗ ಉಳದದ. ಇವತ್ತ ಮುಗಸೂಣು" ಎಂದರು.

ಮಾಸ್ತರ್ ಅಷ್ಟೂ ದಿನ ಅರ್ಧ ಮೈಯಲ್ಲೇ ಇತ್ತು. ಒಂದು ಮಗ್ಗಲು ಹಿಮಾಲಯ, ಇನ್ನೊಂದು ಮಗ್ಗಲು ಜುಹೂ ಎಂದು ಎಲ್ಲರೂ ನಗುತ್ತಿದ್ದರು. ಕೂದಲಿದ್ದ ಮಗ್ಗಲಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮೇವು ಬಿಡತೊಡಗಿತ್ತು. ಗಂಗಾರಾಮ ಹೋಳಿಯವರೆಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದ.

"ನನ್ನ ಕೈಲೆ ಆಗೂದಿಲ್ಲರಿ" ಎಂದೆ. "ಕಾಲ ಬೀಳತೀನಿ. ಬ್ಯಾರೆ ಯಾರನ್ನರೆ ಕರೀರಿ."

"ಆ ಇಳಕಲ್ ಸೀರಿ ಉಟಗೊಂಡು ಬಾ" ಎಂದರು, ನಾನು ಹೇಳಿದ್ದು ಕೇಳಿಸಲೇ ಇಲ್ಲವೆಂಬಂತೆ. ಎದೆಯ ಪಟ್ಟಿ ಹಿಡಿದುಕೊಂಡು ನಿಧಾನವಾಗಿ ಹೊರಗೆ ಹೋದರು.

ಅಳುತ್ತಲೇ ಹಗ್ಗದ ಮೇಲಿನ ಸೀರೆ ಎಳೆದೆ. ಸೆರಗು ಭಾರವಾಗಿತ್ತು. ತುದಿ ಹಿಡಿದು ನೋಡಿದರೆ ಗಂಟು. ಒಳಗೆ ಜೋಳ, ಒಂದು ಹಿಡಿಯಷ್ಟೇ. ನಾನು ಹಾಕುವ ಗಂಟಲ್ಲ ಅದು. ತಟ್ಟುಗಳನ್ನು ಗೂಟಕ್ಕೆ ಕಟ್ಟುವ ಗಂಟು. ಕುದುರೆ ಎಷ್ಟು ಜಗ್ಗಿದರೂ ಬಿಚ್ಚದ, ನಾವು ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುವ ಗಂಟು.

ಸೀರೆ ಹೇಗೆ ಉಟ್ಟೆನೋ ಗೊತ್ತಿಲ್ಲ. ಹೊರಗೆ ಇವರು ಮಾಸ್ತರನ ಮಗ್ಗುಲಲ್ಲಿ ಕತ್ತರಿ ಹಿಡಿದು ನಿಂತಿದ್ದರು.

"ನಿಮಗ ಯಾವಾಗಿಂದ ಗೊತ್ತರಿ?"

"ಚಿಟ್ಟಿ ಕೂದಲ ಕಡದ ದಿನದಿಂದ. ನಮ್ಮವ್ವನೂ ಬರೇ ಕಲ್ಲ ಬೀಸತಿದ್ದಿಲ್ಲ."

"ಆವತ್ತ ಗಂಟ ಇರಲಿಲ್ಲರಿ. ಅದಕ್ಕ ನನ್ನ ಕೈ..."

ಇವರು ಮಾಸ್ತರನ ಬೆನ್ನ ಮೇಲೆ ಕೈಯಾಡಿಸಿದರು.

"ಇಲ್ಲದ್ದ ನಾನೂ ನೋಡಿದ್ನಿ. ನಗಿ ಬಂತು. ಹೆಣ್ಣಮಕ್ಕಳ ಹುಚ್ಚು ಅಂತ ಸುಮ್ಮನಾದೆ" ಎಂದರು. "ಅವತ್ತ ಒಂದ ಮಾತ ಹೇಳಬೇಕಾಗಿತ್ತು. ಹಿಡಿ, ತಿರಗಸು."

ತಿರುಗಿಸಿದೆ. ಈ ಸಲ ಹಾಡು ಬರಲಿಲ್ಲ. ಕಣ್ಣು ಮುಚ್ಚಲೂ ಇಲ್ಲ. ಚಾಚಾ ತಲೆ ಹಿಡಿದ. ಅದೇ ಮಡಿಕೆ ಇನ್ನೊಂದು ಮಗ್ಗುಲಲ್ಲಿ ಬಂದಾಗ ಇವರು ಕತ್ತರಿ ಮೇಲೆತ್ತಿ ಹಿಡಿದರು. ಚಕ್ರ ಬರೀ ತಿರುಗಿತು, ಗಂಟು ಮೊಣಕಾಲಿಗೆ ತಾಗಿತು, ಆಯಿ ಸುಮ್ಮನಿದ್ದಳು. ಹೆದರಿಕೆ ಹೋಗಿರಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಇವರು "ಸಾಕು" ಎಂದರು.

ಮಾಸ್ತರ್ ಎರಡೂ ಮಗ್ಗಲು ಒಂದೇ ಬಣ್ಣವಾಗಿ ನಿಂತು ನನ್ನನ್ನು ನೋಡಿತು. ಎಡ ಮಗ್ಗಲಿನ ಮಡಿಕೆಯ ಮೇಲೆ ನಾನು ಮಾಡಿದ ಗಾಯದ ಗೆರೆ ಕಾಣುತ್ತಿತ್ತು. ಸೆರಗಿನ ತುದಿ ಎಳೆದೆ, ಗಂಟು ಒಂದೇ ಸಲಕ್ಕೆ ಬಿಚ್ಚಿ ಜೋಳ ಅಂಗೈಗೆ ಬಂತು. ನಾಲ್ಕು ತಿಂಗಳಲ್ಲಿ ಒಂದು ಕುದುರೆಗೂ ನಾನು ಕೈಯಾರೆ ಏನನ್ನೂ ತಿನ್ನಿಸಿರಲಿಲ್ಲ. ಇವರು ಒಂದು ಕೈಯಲ್ಲಿ ತಮ್ಮ ಪಕ್ಕೆ ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನ ಕೈಯ ಕೆಳಗೆ ಕೊಟ್ಟು ಮುಂದಕ್ಕೆ ಚಾಚಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಅದರ ತುಟಿ ಅಂಗೈಗೆ ತಾಗಿತು. ಕೊನೆಯ ಕಾಳು ಖಾಲಿಯಾಗುವವರೆಗೂ ನಾನು ಕಣ್ಣು ತೆರೆಯಲಿಲ್ಲ.